ಅಳತೆ ಕೋಟು ಹೊತ್ತು ಲೀಡ್ಸಿಗೆ

ಲೀಡ್ಸಿನಲ್ಲಿ ಕಂಡದ್ದೆಂದು ನಾನಿಲ್ಲಿ ಬರೆಯುತ್ತಿರುವುದೆಲ್ಲ ನಿಜವಾಗಿ ನಡೆದದ್ದೇ ಎಂದು ಆಣೆಯಿಟ್ಟು ಹೇಳಲಾರೆ. ನಾನು ಹೋಗಿದ್ದ ಟೈಲರ್ ಅಂಗಡಿ ಕಡಿದಾದ ಏರುಬೀದಿಯಲ್ಲಿತ್ತು ಎಂದು ನನ್ನ ನೆನಪು. ಅದೇ ಊರಿನಲ್ಲಿ ಓದಿ ಬಂದ ಸಹೋದ್ಯೋಗಿಯೊಬ್ಬರು ಆ ಕಡೆ ಏರುಬೀದಿಯೇ ಇಲ್ಲ ಎನ್ನುತ್ತಾರೆ. ಅಂಗಡಿಯ ಹೆಂಗಸು ನನ್ನೊಡನೆ ಅಷ್ಟು ಒರಟಾಗಿ ಮಾತಾಡಿದಳೇ, ಅಥವಾ ಅವಳ ಇಂಗ್ಲಿಷ್ ಅರ್ಧಂಬರ್ಧವಾಗಿದ್ದರಿಂದ ನನಗೆ ಹಾಗೆ ಕೇಳಿಸಿತೇ? ನನ್ನ ತಂಗಿ ಗಿರಿಜೆ ಹೇಳುವ ಪ್ರಕಾರ, ನಾನು ಈ ಪ್ರಸಂಗವನ್ನು ಹೇಳಿದಷ್ಟೂ ಸಲ ಅದರಲ್ಲಿ ನನ್ನ ಬುದ್ಧಿವಂತಿಕೆ ಸ್ವಲ್ಪ ಸ್ವಲ್ಪವೇ ಹೆಚ್ಚಾಗುತ್ತಿದೆ. ಇರಬಹುದು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು, ಒಂದೇ ಸಲ ತೆಗೆದ ಅಳತೆಯನ್ನು ನಂಬಬೇಡಿ ಎಂದು ಹುಡುಗರಿಗೆ ವರ್ಷವರ್ಷವೂ ಹೇಳುತ್ತೇನೆ. ನೆನಪು ಎಂಬುದು ಒಂದೇ ಸಲ ತೆಗೆದ ಅಳತೆ. ಅದನ್ನು ಮತ್ತೆ ತೆಗೆಯೋಣವೆಂದರೆ ಆ ಗಳಿಗೆ ಎಲ್ಲಿರುತ್ತದೆ?

ಆದರೂ ಬರೆಯುತ್ತೇನೆ. ತಪ್ಪಿದ್ದಲ್ಲಿ ಓದುಗರು ಅನುಮಾನಿಸಲಿ. ನನಗಂತೂ ಅದು ಅಭ್ಯಾಸವಾಗಿದೆ.

ಶಿಕಾರಿಪುರ, ಬಸ್ ಸ್ಟ್ಯಾಂಡು

ಆ ವರ್ಷ ಕಾಲೇಜು ಅಧ್ಯಾಪಕರಿಗೆಂದು ಇಂಗ್ಲೆಂಡಿನಲ್ಲಿ ಬೇಸಿಗೆಯ ತರಬೇತಿಯೊಂದು ಏರ್ಪಾಡಾಗಿತ್ತು. ಅದಕ್ಕೆ ನಾನು ಆಯ್ಕೆಯಾದೆ. ನಾನು ಹೊರಡುವ ಹೊತ್ತಿಗೇ ಗಿರಿಜೆಗೆ ಸೊರಬದ ಸಂಬಂಧ ಕೂಡಿ ಬಂತು. ಹುಡುಗ ಶಿವಾನಂದ, ಸರ್ವೆ ಇಲಾಖೆಯಲ್ಲಿ ಮೋಜಣಿ ಕೆಲಸ. ಉಳುವವನಿಗೇ ಭೂಮಿ ಎಂದು ಕಾನೂನು ಬಂದು, ಊರೂರಿನ ಹೊಲಗದ್ದೆ ಅಳೆಯಬೇಕಾಗಿದ್ದ ಕಾಲ ಅದು. ಹೆಣ್ಣು ನೋಡಲು ಬಂದ ದಿನವೂ ಅವನ ಚಪ್ಪಲಿಗೆ ಉಳವಿ ಕಡೆಯ ಧೂಳು ಮೆತ್ತಿಕೊಂಡಿತ್ತು.

ಹಿಂದಿನ ವರ್ಷ ಗಿರಿಜೆಗೆ ಗೊತ್ತಾಗಿದ್ದ ಬ್ಯಾಂಕ್ ಗುಮಾಸ್ತನ ಸಂಬಂಧ ಮುರಿದುಬಿದ್ದಿತ್ತು. ನಾವು ಕೊಟ್ಟ ಕೈಗಡಿಯಾರ ನಿಶ್ಚಿತಾರ್ಥದ ದಿನವೇ ನಿಂತುಹೋಯಿತೆಂದು ಅವರು ಹಿಂದೆ ಸರಿದಿದ್ದರು. ಅಂದಿನಿಂದ ಗಿರಿಜೆ ಪೇಟೆ ಬೀದಿ ಬಿಟ್ಟು ಹಿತ್ತಲ ಓಣಿಯಲ್ಲಿ ಓಡಾಡುತ್ತಿದ್ದಳು. ಇದೂ ಮುರಿದರೆ ಇನ್ನೊಂದು ಬರುವುದಿಲ್ಲ ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅಪ್ಪ ತೀರಿಕೊಂಡಿದ್ದರಿಂದ ಮಾತುಕತೆಗೆ ಕೂತವನು ನಾನೇ. ಶಿವಾನಂದನ ತಂದೆ ವೀರಭದ್ರಪ್ಪನವರು ಸೊರಬದಲ್ಲಿ ಅಕ್ಕಿ ಗಿರಣಿ ಇಟ್ಟವರು. ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಶುರು ಮಾಡಿದರು.

"ವರದಕ್ಷಿಣೆ ತಗೋಬಾರ್ದು ಅಂತ ಸರ್ಕಾರ ಹೇಳ್ತಾ ಉಂಟು. ನಾವೂ ತಗೊಳ್ಳೋರಲ್ಲ ಮಾರಾಯ್ರೆ. ನೀವು ಹ್ಯಾಂಗೂ ಇಂಗ್ಲೆಂಡಿಗೆ ಹೋಗ್ತೀರಿ. ಹುಡುಗನಿಗೆ ಒಂದು ಸೂಟು ತಂದುಬಿಡಿ. ಅಲ್ಲೀದೇ ಆಗ್ಬೇಕು. ಕಾಲರಿನ ಒಳಗೆ ದೊಡ್ಡ ಹೆಸರಿರ್ಬೇಕು, ನಾಲ್ಕು ಜನ ಓದೋ ಹಾಗೆ. ಅಷ್ಟೇ."

"ಆಗ್ಲಿ. ಅಳತೆಗೆ ಅವರದೊಂದು ಕೋಟು ಕೊಡಿ" ಎಂದೆ. ಮೈ ಎದುರಿಗಿಲ್ಲದಿದ್ದರೆ ಹಳೆಯ ಬಟ್ಟೆಯನ್ನು ಟೈಲರ್ ಮುಂದಿಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಕೊಡುವುದಕ್ಕೆ ಅವರೇಕೆ ಅಷ್ಟು ದಿನ ತಡಮಾಡಿದರೋ ಆಗ ಹೊಳೆಯಲಿಲ್ಲ. ಹೊರಡುವ ದಿನ ನಾನು ಬಸ್ಸಿನ ಮೆಟ್ಟಿಲಲ್ಲಿ ಕಾಲಿಟ್ಟ ಮೇಲೆ, ಸೊರಬದ ಬಸ್ಸಿನ ಡ್ರೈವರು ಹಳೇ ಪೇಪರಿನಲ್ಲಿ ಸುತ್ತಿದ ಗಂಟೊಂದನ್ನು ತಂದು ನನ್ನ ಕೈಗೆ ತುರುಕಿದ.

ಬೀಳ್ಕೊಡಲು ಟೈಲರ್ ಇಮಾಂ ಸಾಬರೂ ಬಂದಿದ್ದರು. ನನ್ನನ್ನು ಬೀಳ್ಕೊಡಲು ಎನ್ನುವುದಕ್ಕಿಂತ ನನ್ನ ಮೈಮೇಲಿದ್ದ ತಮ್ಮ ಕೋಟನ್ನು ಬೀಳ್ಕೊಡಲು ಎನ್ನಬೇಕು. ಅದರ ಭುಜ ಎಳೆದು, ಬೆನ್ನು ತಟ್ಟಿ, ಸುತ್ತ ಒಂದು ಸಲ ನೋಡಿದರು.

"ಏನ್ರೀ ಮೇಷ್ಟ್ರೇ, ಬೀಗರಿಗೆ ನಮ್ಮ ಕೈ ಸಾಲ್ದಾತೇನು? ಇಲ್ಲಿಂದ ವಿಲಾಯ್ತಿಗೆ ಹೋಗಿ ಕೋಟು ಹೊಲಿಸ್ಕೊಂಡ್ ಬರ್ತೀರಂತಲ್ಲ!"

"ನಂದೇನೈತ್ರೀ ಸಾಬ್ರೇ, ಅವರು ಕೇಳಿದ್ದು."

"ತರ್ರಿ ತರ್ರಿ. ತಂದ್ ಮ್ಯಾಲೆ ಬಿಚ್ಚೋಕೆ ಹೊಲಿಯೋಕೆ ನಾನೇ ಬೇಕಲ್ಲ, ಅವಾಗ ನೋಡೂಣು."

ನಾನು ಒಳಗೆ ಕೂತ ಮೇಲೆ ಗಿರಿಜೆ ಬಸ್ಸಿನ ಕಿಟಕಿಯ ಹತ್ತಿರ ಬಂದು, ಇಮಾಂ ಸಾಬರಿಗೆ ಕೇಳದಂತೆ ಮೆಲ್ಲಗೆ ಹೇಳಿದಳು: "ಅಣ್ಣ, ಹೆಸರಿರ್ಲಿ ಬಿಡ್ಲಿ, ಅವ್ರ ಮೈಗೆ ಸರಿ ಕೂತ್ರೆ ಸಾಕು. ನಾಲ್ಕು ಜನದ ಮುಂದೆ ಅವ್ರು ನಗೆಪಾಟಲು ಆಗ್ಬಾರ್ದು." ಹುಡುಗನನ್ನು ಅವಳು ಒಂದೇ ಸಲ ನೋಡಿದ್ದಳು. ಆ ದನಿ ಕೇಳಿದ ಮೇಲೆ, ಈ ಸಂಬಂಧ ಮುರಿದರೆ ನಾಚಿಕೆಯೊಂದೇ ಅಲ್ಲ, ಬೇರೆಯದೂ ಮುರಿಯುತ್ತದೆ ಎಂದು ನನಗೆ ಗೊತ್ತಾಯಿತು.

ಲೀಡ್ಸ್, ಮಳೆಯಿಲ್ಲದ ಬೇಸಿಗೆ

ಶಿಕಾರಿಪುರ ಬಿಟ್ಟಾಗ ಮುಂಗಾರು ಹಿಡಿದಿತ್ತು. ಅಲ್ಲಿ ಚಳಿ, ಅಲ್ಲಿ ತುಂತುರು ಎಂದು ಎಲ್ಲರೂ ಹೆದರಿಸಿದ್ದರಿಂದ ಉಣ್ಣೆಯ ಕೋಟು, ಉಣ್ಣೆಯ ಬನಿಯನ್, ಕೊಡೆ ಎಲ್ಲ ಹೊತ್ತು ಹೋಗಿದ್ದೆ. ಇಳಿದಾಗ ಹರಪನಹಳ್ಳಿಯ ಬೇಸಿಗೆ. ಆ ವರ್ಷ ಇಂಗ್ಲೆಂಡಿಗೆ ಮಳೆ ಕೈಕೊಟ್ಟಿತ್ತು. ಪಾರ್ಕಿನ ಹುಲ್ಲು ನಮ್ಮ ಕಣದ ಹೊಟ್ಟಿನ ಬಣ್ಣಕ್ಕೆ ತಿರುಗಿತ್ತು. ನೀರು ಉಳಿಸಿ ಎಂದು ಎಲ್ಲೆಲ್ಲೂ ಹಚ್ಚಿದ್ದರು. ನಾನು ಬಾಡಿಗೆಗಿದ್ದ ಮನೆಯೊಡತಿ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಹೋಗಿ ಗುಲಾಬಿ ಗಿಡಕ್ಕೆ ಹಾಕುತ್ತಿದ್ದಳು. ದಿನಾ ಬೆಳಿಗ್ಗೆ ಸ್ನಾನ ಮಾಡುವ ನನ್ನನ್ನು, ಹಸಿದವರ ಎದುರು ಹಬ್ಬದೂಟ ಮಾಡುವವನನ್ನು ನೋಡುವಂತೆ ನೋಡುತ್ತಿದ್ದಳು.

ಅಲ್ಲಿನವರು ಸಾಲಿನಲ್ಲಿ ನಿಲ್ಲುವುದನ್ನು ನೋಡಬೇಕು. ಬಸ್ ಸ್ಟಾಪಿನಲ್ಲಿ ಇಬ್ಬರೇ ಇದ್ದರೂ ಸಾಲು. ಆದರೆ ಮಾತಿಲ್ಲ. ಸೊರಬದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಶಿರಾಳಕೊಪ್ಪ ಬರುವಷ್ಟರಲ್ಲಿ ನಿಮ್ಮ ಊರು, ಮನೆತನ, ಮಕ್ಕಳೆಷ್ಟು, ಯಾಕಿಲ್ಲ ಎಲ್ಲ ಕೇಳಿ ಮುಗಿಸಿರುತ್ತಾರೆ. ಲೀಡ್ಸಿನಲ್ಲಿ ನನ್ನ ಪಕ್ಕ ದಿನವೂ ನಿಲ್ಲುತ್ತಿದ್ದ ಮುದುಕ ಕೊನೆಯವರೆಗೂ ನನಗೆ ಹೇಳಿದ್ದು "ಇವತ್ತೂ ಬಿಸಿಲು" ಎಂಬುದೊಂದೇ ಮಾತು. ಮೊದಮೊದಲು ಅದು ಹಾಯೆನಿಸಿತು. ಆಮೇಲೆ ಮನಸ್ಸಿನ ಭಾರ ಇಳಿಸಲು ಒಬ್ಬರಾದರೂ ಬೇಕೆನಿಸಿದಾಗ ಸೊರಬದ ಬಸ್ಸು ನೆನಪಾಗತೊಡಗಿತು.

ಲೀಡ್ಸ್, ಗಾಜಿನ ಅಂಗಡಿ

ಊರಿನ ದೊಡ್ಡ ಬೀದಿಯಲ್ಲಿ, ನೆಲದಿಂದ ಸೂರಿನವರೆಗೆ ಗಾಜೇ ಇದ್ದ ಒಂದು ಅಂಗಡಿ. ಬಾಗಿಲ ಮೇಲೆ ಲಂಡನ್ನಿನ ಡಿಸೈನರ್ ಒಬ್ಬನ ಹೆಸರು, ಅವನೇ ಸಹಿ ಮಾಡಿದಂತೆ ಓರೆಯಾಗಿ. ವೀರಭದ್ರಪ್ಪನವರು ಕೇಳಿದ್ದು ಇಂಥದ್ದನ್ನೇ. ಒಳಗೆ ಮಖಮಲ್ಲಿನ ಕೋಟು, ನೆಲ ಗುಡಿಸುವ ಬೆಲ್‌ಬಾಟಮ್ ತೊಟ್ಟ ಯುವಕನೊಬ್ಬ ನನ್ನನ್ನು ಕೂರಿಸಿ ಏನು ಬೇಕೆಂದು ಕೇಳಿದ.

"ಸೂಟು. ನನಗಲ್ಲ. ನನ್ನ ತಂಗಿಯ ಗಂಡನಾಗುವವರಿಗೆ."

"ಅವರೆಲ್ಲಿ?"

"ಸೊರಬದಲ್ಲಿ."

ಅದು ಲಂಡನ್ನಿನ ಯಾವ ಕಡೆ ಎಂದು ಅವನು ಕೇಳಲಿಲ್ಲ. ಕೇಳಬೇಕೆಂದುಕೊಂಡದ್ದು ಮಾತ್ರ ಮುಖದಲ್ಲಿ ಕಂಡಿತು.

ನನಗೂ ಕೇಳುವುದಿತ್ತು. ಡಿಸೈನರ್ ಇಲ್ಲಿಗೆ ಬರುತ್ತಾರೆಯೇ? ಇಲ್ಲ. ಕತ್ತರಿಸುವವರು ಯಾರು? ಫ್ಯಾಕ್ಟರಿ. ಅಳತೆ ಏನಾಗುತ್ತದೆ? ಅವರಲ್ಲಿ ಮೊದಲೇ ಸಿದ್ಧವಿರುವ ಮಾದರಿಗಳಲ್ಲಿ ಹತ್ತಿರದ್ದನ್ನು ಆರಿಸಿ, ಉದ್ದಗಿಡ್ಡ ಅಗಲ ಅಷ್ಟು ತಿದ್ದುತ್ತಾರೆ.

"ಹಾಗಾದರೆ ಆ ಹೆಸರಿನವರು ಮಾಡುವುದೇನು?"

"ಹೆಸರು ಕೊಡುತ್ತಾರೆ" ಎಂದ ಯುವಕ. ತಮಾಷೆಗಲ್ಲ, ಗಂಭೀರವಾಗಿಯೇ.

ನಾನು ಪೇಪರು ಬಿಚ್ಚಿ ಅಳತೆ ಕೋಟನ್ನು ಕೊಟ್ಟೆ. ಕಪ್ಪು ಕೋಟು, ಕಾಲರು ಎಣ್ಣೆಗಟ್ಟಿ ಹೊಳೆಯುತ್ತಿತ್ತು. ಅವನು ಅದನ್ನು ಮರದ ಗೊಂಬೆಗೆ ತೊಡಿಸಿ, ಟೇಪು ಹಿಡಿದು, ಅಂಕಿಗಳನ್ನು ಗುನುಗುತ್ತ ಹೋದ. ಬಲ ತೋಳಿಗೆ ಬಂದಾಗ ನಿಂತ. ಎಡ ತೋಳನ್ನು ಇನ್ನೊಮ್ಮೆ ಅಳೆದ. ಮತ್ತೆ ಬಲ ತೋಳು. ಆಮೇಲೆ ದನಿ ತಗ್ಗಿಸಿ ಕೇಳಿದ:

"ಅವರ ಬಲಗೈ ಗಿಡ್ಡವೇ?"

"ಏನು?"

"ಬಲ ತೋಳು ಒಂದಿಂಚು ಕಡಿಮೆಯಿದೆ. ಸಂಕೋಚ ಬೇಡ, ಇಂಥ ಗಿರಾಕಿಗಳು ನಮಗೆ ಬರುತ್ತಾರೆ. ಕೆಲವರು ಹುಟ್ಟಿನಿಂದ, ಕೆಲವರು ಯುದ್ಧದಿಂದ. ಕೋಟು ಇದ್ದ ಹಾಗೇ ಹೊಲಿಸುತ್ತೇವೆ, ಎದ್ದು ಕಾಣುವುದಿಲ್ಲ."

ಜೇಬಿನಲ್ಲಿ ಶಿವಾನಂದನ ಫೋಟೋ ಇತ್ತು, ಸಂಬಂಧ ಕೇಳಿದಾಗ ಅವರು ಕಳಿಸಿದ್ದು. ತೆಗೆದು ನೋಡಿದೆ. ಇದೇ ಕೋಟು. ಕುರ್ಚಿಯ ಪಕ್ಕದಲ್ಲಿ ನಿಂತಿದ್ದಾನೆ. ಎಡಗೈ ನೆಟ್ಟಗೆ ಇಳಿಬಿದ್ದಿದೆ. ಬಲಗೈ ಕುರ್ಚಿಯ ಬೆನ್ನಿನ ಹಿಂದೆ. ಕಾಣುವುದಿಲ್ಲ.

ಯುವಕನೂ ಬಗ್ಗಿ ನೋಡಿದ. ಟೇಪನ್ನು ಸುತ್ತಿಟ್ಟ. ಅವನು ಮಾತಾಡಿದ್ದರೆ ವಾದ ಮಾಡುತ್ತಿದ್ದೆ.

ಯೋಚಿಸಿ ಬರುತ್ತೇನೆಂದು ಕೋಟು ಸುತ್ತಿಕೊಂಡು ಹೊರಬಂದೆ. ಬೀದಿಯಲ್ಲಿ ನಡೆಯುತ್ತ, ಹೆಣ್ಣು ನೋಡಲು ಬಂದ ದಿನವನ್ನು ನೆನಪಿಸಿಕೊಳ್ಳಲು ಹೆಣಗಿದೆ. ಅವನು ಅವಲಕ್ಕಿಯ ತಟ್ಟೆಯನ್ನು ಎರಡೂ ಕೈಯಿಂದ ತೆಗೆದುಕೊಂಡ ಚಿತ್ರ ಕಣ್ಣಿಗೆ ಬಂತು. ಎರಡು ಕೈಯೂ ಸಮನಾಗಿಯೇ ಇದ್ದವು. ಒಂದು ಗಳಿಗೆ ಉಸಿರಾಡಿದೆ. ಆಮೇಲೆ ಅನುಮಾನ ಶುರುವಾಯಿತು. ಹಿಂದಿನ ವರ್ಷ ಬಂದಿದ್ದ ಬ್ಯಾಂಕ್ ಗುಮಾಸ್ತನೂ ಅದೇ ಬೆಂಚಿನ ಮೇಲೆ, ಅದೇ ಕಿಟಕಿಯ ಕೆಳಗೆ ಕೂತಿದ್ದ. ಅವನಿಗೂ ಅವಲಕ್ಕಿಯೇ ಕೊಟ್ಟಿದ್ದೆವು. ತಟ್ಟೆ ಹಿಡಿದ ಆ ಎರಡು ಕೈಗಳಿಗೆ ಮುಖ ಅಂಟಿಸಲು ಹೋದರೆ ಒಮ್ಮೆ ಇವನ ಮುಖ, ಒಮ್ಮೆ ಅವನದು.

ಲೀಡ್ಸ್, ಅಂಚೆ ಕಚೇರಿ

ಊನವನ್ನು ಮುಚ್ಚಿಟ್ಟು ಮದುವೆ ಮಾಡುತ್ತಿದ್ದಾರೆಯೇ? ಕೈ ಗಿಡ್ಡವಿದ್ದರೆ ಅದು ಅವನ ತಪ್ಪಲ್ಲ. ಗಿರಿಜೆ ಅದಕ್ಕೆ ಬೇಡ ಎನ್ನುವವಳೂ ಅಲ್ಲ. ಆದರೆ ಮುಚ್ಚಿಟ್ಟ ಮನೆಗೆ ಅವಳನ್ನು ಕಳಿಸುವುದು ಹೇಗೆ? ಇದನ್ನು ಮುಚ್ಚಿದವರು ಇನ್ನೇನನ್ನು ಮುಚ್ಚಿರಬಹುದು? ತಿಳಿದೂ ಸುಮ್ಮನಿದ್ದರೆ ನಾಳೆ ಅವಳು ನನ್ನನ್ನೇ ಕೇಳುತ್ತಾಳೆ.

ಟೆಲಿಗ್ರಾಂ ಕೊಡೋಣವೆಂದು ಅಂಚೆ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತೆ. ನಿಂತ ಮೇಲೆ ಯೋಚನೆ ಬಂತು. ಏನೆಂದು ಬರೆಯುವುದು? 'ವರನ ಬಲಗೈ ಪರೀಕ್ಷಿಸಿ'? ಶಿಕಾರಿಪುರದಲ್ಲಿ ಟೆಲಿಗ್ರಾಂ ನೇರವಾಗಿ ಮನೆಗೆ ಬರುವುದಿಲ್ಲ. ತರುವವನು ದಾರಿಯಲ್ಲಿ ಹೋಟೆಲಿನವರಿಗೆ, ಬೀಡಾ ಅಂಗಡಿಯವರಿಗೆ, ಎದುರುಮನೆಯವರಿಗೆ ಸಾರಾಂಶ ಹೇಳಿಕೊಂಡೇ ಬರುತ್ತಾನೆ. ಸಾಯಂಕಾಲದೊಳಗೆ ಊರಿನಲ್ಲಿ ವರನಿಗೆ ಕೈಯೇ ಇಲ್ಲವೆಂದಾಗುತ್ತದೆ. ಮರುದಿನ ಬೆಳಗಿನ ಬಸ್ಸಿಗೆ ಆ ಸುದ್ದಿ ಸೊರಬಕ್ಕೆ ಹೋಗುತ್ತದೆ. ಕೈ ಸರಿಯಿದ್ದರೂ ಸಂಬಂಧ ಅಲ್ಲಿಗೆ ಮುಗಿಯುತ್ತದೆ.

ಕಿಟಕಿಯ ಮುಂದೆ ನನ್ನ ಸರದಿ ಬಂತು. ಒಳಗಿದ್ದವಳು ತಲೆಯೆತ್ತಿ ನೋಡಿದಳು. ನಾನು ಖಾಲಿ ಫಾರಮನ್ನೇ ತಿರುಗಿಸಿ ನೋಡಿದೆ. ನನ್ನ ಹಿಂದಿದ್ದ ಅಜ್ಜಿ ತಾಳ್ಮೆಯಿಂದ ಕೇಳಿದಳು: "ಏನು ಕಳಿಸಬೇಕೆಂದು ಮರೆತುಹೋಯಿತೇ?"

"ಹೌದು" ಎಂದು ಪಕ್ಕಕ್ಕೆ ಸರಿದೆ.

ಅವಸರದಲ್ಲಿ ಹೊರಬರುವಾಗ ಬಾಗಿಲ ಹಿಡಿಕೆಗೆ ನನ್ನ ಕೋಟಿನ ಜೇಬು ಸಿಕ್ಕಿ ಪರ್ರನೆ ಹರಿಯಿತು.

ಲೀಡ್ಸ್, ಹೆಲೆನಾಳ ಅಂಗಡಿ

ಹರಿದ ಜೇಬು ನೋಡಿದ ಮನೆಯೊಡತಿ ನನ್ನನ್ನು ಹೆಲೆನಾ ಎಂಬ ಪೋಲೆಂಡಿನ ಹೆಂಗಸಿನ ಹತ್ತಿರ ಕಳಿಸಿದಳು. ಯುದ್ಧದ ನಂತರ ಗಂಡನ ಜೊತೆ ಬಂದು ಇಲ್ಲಿ ಟೈಲರ್ ಅಂಗಡಿ ಹಾಕಿದವಳು, ಈಗ ಗಂಡನಿಲ್ಲ, ಒಬ್ಬಳೇ ನಡೆಸುತ್ತಾಳೆ ಎಂದಳು. ಮುಂದುಗಡೆ ಅಂಗಡಿ, ಹಿಂದುಗಡೆ ಅಡುಗೆಮನೆ. ಇಸ್ತ್ರಿಯ ಹಬೆಯ ಜೊತೆ ಕೋಸು ಬೇಯುವ ವಾಸನೆ. ಅವಳು ನನ್ನ ಕೋಟನ್ನು ತಿರುಗಿಸಿ ಒಳಹೊಲಿಗೆ ನೋಡಿದವಳೇ ಕನ್ನಡಕ ಹಣೆಗೇರಿಸಿದಳು.

"ಇದನ್ನು ಹೊಲಿದವನು ಯಾರು? ಒಳಗೆ ಇನ್ನೊಂದು ಕೋಟಿಗಾಗುವಷ್ಟು ಬಟ್ಟೆ ಬಿಟ್ಟಿದ್ದಾನೆ. ನೀನು ಆನೆಯಾಗುತ್ತೀಯೆಂದು ಅವನಿಗೆ ಯಾರಾದರೂ ಹೇಳಿದ್ದರೇ?"

"ನಮ್ಮಲ್ಲಿ ಕೋಟು ಹೊಲಿಸುವುದು ಜೀವಮಾನಕ್ಕೆ ಒಂದು ಸಲ. ಮೈ ಬೆಳೆದಂತೆಲ್ಲ ಬಿಚ್ಚಿ ದೊಡ್ಡದು ಮಾಡುತ್ತಾರೆ."

"ಹೂಂ" ಎಂದಳು. ಒಪ್ಪಿದಳೋ ಹೀಯಾಳಿಸಿದಳೋ ತಿಳಿಯಲಿಲ್ಲ.

ಜೇಬು ಹೊಲಿಯುತ್ತಿದ್ದಾಗ, ಇವಳಿಗೂ ತೋರಿಸಿಬಿಡೋಣವೆಂದು ಅಳತೆ ಕೋಟನ್ನು ಮುಂದಿಟ್ಟೆ. ಎರಡನೆಯ ಅಳತೆ ಬೇಕಾಗಿತ್ತು ನನಗೆ. ತಂಗಿಯ ಮದುವೆ, ಗಾಜಿನ ಅಂಗಡಿ, ಫೋಟೋ, ಎಲ್ಲ ಹೇಳಿದೆ. ಬಿಸಿಲಿನ ಮಾತು ಬಿಟ್ಟು ಬೇರೆ ಏನನ್ನಾದರೂ ಕೇಳಿಸಿಕೊಂಡ ಮೊದಲನೆಯವಳು ಅವಳು. ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೆನ್ನಿನ ಮೇಲೆ ಸಾಲುಸಾಲಾಗಿ ಸಣ್ಣ ತೂತುಗಳು, ಪಿನ್ನು ಚುಚ್ಚಿ ತೆಗೆದಂತೆ.

"ಇದು ಒಬ್ಬನ ಕೋಟಲ್ಲ ಅನಿಸುತ್ತದೆ. ತುಂಬ ಜನ ತೊಟ್ಟಿದ್ದಾರೆ, ಒಬ್ಬೊಬ್ಬರ ಮೈಗೂ ಹಿಂದಿನಿಂದ ಪಿನ್ನು ಹಾಕಿ ಬಿಗಿ ಮಾಡಿದ್ದಾರೆ."

"ಖಚಿತವೇ?"

"ಅನಿಸುತ್ತದೆ ಎಂದೆ. ಖಚಿತ ಎನ್ನಲಿಲ್ಲ. ನನಗೂ ತಪ್ಪಾಗುತ್ತದೆ. ಒಬ್ಬನಿಗೆ ಬೆನ್ನು ನೆಟ್ಟಗಿದೆಯೆಂದುಕೊಂಡು ಕೋಟು ಹೊ­ಲಿದೆ, ಮದುವೆಯಲ್ಲಿ ಅವನ ಗೂನು ಚರ್ಚಿನ ಗಂಟೆಯ ಹಾಗೆ ಎದ್ದು ನಿಂತಿತು. ಅವನ ಹೆಂಡತಿ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ."

"ಹಾಗಾದರೆ ಏನು ಮಾಡುವುದು?"

"ನನ್ನ ಹತ್ತಿರ ಹೊಲಿಸುವುದಾದರೆ ಅವನು ನಿನಗಿಂತ ದಪ್ಪವೋ ತೆಳ್ಳಗೋ ಹೇಳು, ನಿನ್ನ ಮೈಮೇಲೆ ಕತ್ತರಿಸುತ್ತೇನೆ. ತೋಳು ಮಾತ್ರ ನೀನೇ ಹೇಳಬೇಕು. ಎರಡೂ ಸಮವೋ, ಒಂದು ಗಿಡ್ಡವೋ? ಅವನನ್ನು ಕಂಡವನು ನೀನು."

ಎರಡು ದಾರಿಯೂ ಈಗ ನಿಚ್ಚಳವಾಗಿದ್ದವು. ಗಾಜಿನ ಅಂಗಡಿಗೆ ಹೋದರೆ ಅವರು ಕೋಟನ್ನು ಇದ್ದ ಹಾಗೆ ನಕಲು ಮಾಡಿ ಕಾಲರಿಗೆ ಹೆಸರು ಹೊಲಿದು ಕೊಡುತ್ತಾರೆ. ಬೀಗರು ಕೇಳಿದ್ದು ಅದನ್ನೇ. ತೋಳು ತಪ್ಪಿದರೂ ಕೋಟು ಕೊಟ್ಟವರು ನೀವೇ ಎನ್ನಬಹುದು. ನನ್ನ ಮೇಲೆ ಏನೂ ಬರುವುದಿಲ್ಲ. ಹೆಲೆನಾಳಿಗೆ ಕೊಟ್ಟರೆ ಹೆಸರಿಲ್ಲ. ಮೇಲೆ ನನ್ನ ನೆನಪೇ ಅಳತೆ. ಕೈ ನಿಜಕ್ಕೂ ಗಿಡ್ಡವಿದ್ದು ನಾನು ಸಮ ಎಂದರೆ, ಬಲ ತೋಳು ಬೆರಳು ಮುಚ್ಚುವಷ್ಟು ಇಳಿಬಿದ್ದು ಮದುವೆಯ ಚಪ್ಪರದಲ್ಲಿ ಅವನ ಗುಟ್ಟನ್ನು ನಾನೇ ರಟ್ಟು ಮಾಡಿದಂತೆ. ಗಿಡ್ಡವಿಲ್ಲದೆ ನಾನು ಗಿಡ್ಡ ಎಂದರೆ, ಇಲ್ಲದ ಊನವನ್ನು ನಾನೇ ಅವನ ಮೈಗೆ ಹೊಲಿದಂತೆ.

ಎರಡು ಮೂರು ದಿನ ತರಗತಿಯಲ್ಲಿ ಏನು ಪಾಠ ನಡೆಯಿತೋ ಗೊತ್ತಿಲ್ಲ. ಗಾಜಿನ ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ, ಒಳಗೆ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಮನೆಯೊಡತಿ ಗಿಡದ ಕೊಂಬೆ ಕಟ್ಟಲು ಹಗ್ಗದ ಒಂದು ತುದಿ ಹಿಡಿದುಕೋ ಎಂದಳು. ಹಗ್ಗ ಎಳೆದು ನಿಂತಾಗ ಸಟ್ಟನೆ ನೆನಪಾಯಿತು. ಹೆಣ್ಣು ನೋಡಿ ಹೊರಡುವಾಗ ನಮ್ಮ ಅಂಗಳದಲ್ಲಿ ಅವ್ವ ಕೇಳಿದ್ದಳು, ಅಲ್ಲಪ್ಪ, ಹೊಲ ಅಳೆಯೋದು ಹ್ಯಾಂಗೆ? ಅವನು ಎರಡೂ ಕೈ ಪೂರಾ ಚಾಚಿ, ಅಳತೆ ಚೈನು ಹಿಂಗೆ ಬಿಗಿಯಾಗಿ ಎಳೀಬೇಕು ಅಮ್ಮ, ಜೋಲು ಬಿದ್ರೆ ಯಾರದೋ ಹೊಲ ಯಾರಿಗೋ ಹೋಗ್ತದೆ ಎಂದು ತೋರಿಸಿದ್ದ. ಅವ್ವ ನಕ್ಕಿದ್ದಳು.

ಇದನ್ನೂ ಅನುಮಾನಿಸಿದೆ. ಆದರೆ ಬ್ಯಾಂಕಿನ ಗುಮಾಸ್ತ ಚೈನಿನ ಮಾತು ಆಡುವುದಕ್ಕೆ ಸಾಧ್ಯವಿಲ್ಲ. ಕೈ ಚಾಚಿದವನು ಶಿವಾನಂದನೇ. ಇನ್ನು ಅವ್ವ. ಸೇರಿನಲ್ಲಿ ಅಳೆದ ಅಕ್ಕಿಯಲ್ಲಿ ನಾಲ್ಕು ಕಾಳು ಕಡಿಮೆಯಾದರೂ ಹಿಡಿಯುವ ಕಣ್ಣು ಅವಳದು. ಒಂದು ಕೈ ಗಿಡ್ಡವಿದ್ದರೆ ಅವಳು ನಗುತ್ತಿರಲಿಲ್ಲ, ಆ ರಾತ್ರಿಯೇ ನನಗೆ ಹೇಳುತ್ತಿದ್ದಳು.

ಹೆಲೆನಾಳ ಅಂಗಡಿಗೆ ಹೋಗಿ "ಸಮ" ಎಂದೆ.

"ಖಚಿತವೇ?" ಎಂದಳು, ನನ್ನದೇ ದನಿಯನ್ನು ಅಣಕಿಸಿ.

"ಅನಿಸುತ್ತದೆ."

ಆ ಬಿಸಿಲಿನಲ್ಲಿ ಉಣ್ಣೆ ಬಟ್ಟೆಯನ್ನು ನನ್ನ ಮೈಗೆ ಸುತ್ತಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಅಲುಗಾಡಿದಾಗೆಲ್ಲ ಬೈಯುತ್ತ ಅವಳು ಕೋಟು, ಪ್ಯಾಂಟು ಹೊಲಿದಳು. ಕೊನೆಯಲ್ಲಿ ಒಳಗೆ ತಿರುಗಿಸಿ ತೋರಿಸಿದಳು. ಹೊಲಿಗೆಗಳ ಆಚೀಚೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದಳು. "ನಿಮ್ಮೂರಿನ ಆ ಟೈಲರಿಗೆ" ಎಂದಳು. "ನಮ್ಮಿಬ್ಬರ ಲೆಕ್ಕ ತಪ್ಪಿದ್ದರೆ ಅವನು ತಿದ್ದಲಿ."

ಸೊರಬ, ಬೀಗರ ಮನೆ

ಮದುವೆಗೆ ವಾರ ಮುಂಚೆ ಸೂಟು ತೊಡಿಸಿ ನೋಡಲು ಸೊರಬಕ್ಕೆ ಹೋದೆ. ತಿದ್ದುವುದಿದ್ದರೆ ಬೇಕಾಗುತ್ತದೆಂದು ಇಮಾಂ ಸಾಬರನ್ನೂ ಕರೆದುಕೊಂಡೆ. ಬಸ್ಸಿನಲ್ಲಿ ಅವರು ಗಂಟು ಬಿಚ್ಚಿ ಒಂದೊಂದೇ ಹೊಲಿಗೆ ನೋಡುತ್ತ ಹೋದರು. ತೊಗರ್ಸಿ ದಾಟಿದ ಮೇಲೆ, "ಬಗಲು ಚೂರು ಹಿಡಿದಾಳೆ. ಉಳಿದದ್ದು ಅಡ್ಡಿಲ್ಲ" ಎಂದರು.

ವೀರಭದ್ರಪ್ಪನವರು ನಡುಮನೆಯಲ್ಲಿ ಕೂತಿದ್ದರು. ನೆಂಟರಿಷ್ಟರು ಇಬ್ಬರು ಮೂವರು ಬಾಗಿಲಲ್ಲಿ. ಶಿವಾನಂದ ಬಂದು ನನಗೆ ನಮಸ್ಕರಿಸಿದ. ತುಂಬು ತೋಳಿನ ಅಂಗಿ. ನಮಸ್ಕಾರಕ್ಕೆ ಜೋಡಿಸಿದ ಕೈಗಳನ್ನು ನೋಡಿದೆ. ಏನೂ ತಿಳಿಯಲಿಲ್ಲ. ಕೈ ಮಡಿಸಿದಾಗ ಎಲ್ಲರ ಕೈಯೂ ಸಮ.

ಇಮಾಂ ಸಾಬರು ಕೋಟು ಹಿಡಿದರು. ಎಡಗೈ ಹೋಯಿತು. ಬಲಗೈ ಹೋಯಿತು. ಗುಂಡಿ ಹಾಕಿ ಕೈ ಇಳಿಬಿಟ್ಟ. ನಾನು ನೋಡಿದ್ದು ಮುಖವನ್ನಲ್ಲ. ಎಡ ತೋಳು ಮಣಿಕಟ್ಟಿಗೆ ಬಂದಿತ್ತು. ಬಲ ತೋಳೂ ಮಣಿಕಟ್ಟಿಗೆ, ಅಲ್ಲಿಗೇ ಬಂದಿತ್ತು. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

"ಬಿಚ್ಚು ನೋಡೋಣ" ಎಂದರು ವೀರಭದ್ರಪ್ಪನವರು. ಕೋಟು ತೆಗೆದುಕೊಂಡು ಕಾಲರು ತಿರುಗಿಸಿದರು. ಒಳಜೇಬು ನೋಡಿದರು. ಮತ್ತೆ ಕಾಲರು. "ಹೆಸರೆಲ್ಲುಂಟು?"

"ಹೆಸರಿಲ್ಲ. ಒಬ್ಬ ಹೆಂಗಸು ಒಂಟಿಯಾಗಿ ನಡೆಸೋ ಅಂಗಡಿ. ಅವಳು ಹೆಸರು ಹಾಕೋದಿಲ್ಲ."

ಅವರು ಕೋಟನ್ನು ನೋಡಿದರು. ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದ ಇಮಾಂ ಸಾಬರನ್ನು ನೋಡಿದರು. ನನ್ನನ್ನು ನೋಡಿದರು.

"ಶಿಕಾರಿಪುರದಲ್ಲೇ ಹೊಲಿಸಿ ತಂದ್ರಾ, ಮೇಷ್ಟ್ರೆ?"

ಬಾಗಿಲಲ್ಲಿದ್ದವರು ಹೊಸ್ತಿಲು ದಾಟಿ ಒಳಗೆ ಬಂದರು. ನಿಂತುಹೋದ ಕೈಗಡಿಯಾರ ನನಗೆ ಕಣ್ಣಿಗೆ ಕಟ್ಟಿತು. ಹೆಲೆನಾಳ ಚೀಟಿಯಿಲ್ಲ, ಮೊಹರಿಲ್ಲ, ಏನನ್ನು ತೋರಿಸಲಿ?

"ನಂದಾಗಿದ್ರೆ ಬಗಲಾಗೆ ಹಿಂಗೆ ಹಿಡಿತಿದ್ದಿಲ್ರೀ ಗೌಡ್ರೇ" ಎಂದರು ಇಮಾಂ ಸಾಬರು, ತಮ್ಮ ಕಸುಬಿಗೆ ಅವಮಾನವಾದಂತೆ. "ನನ್ನ ಹೊಲಿಗೆ ಮೇಷ್ಟ್ರ ಮೈಮ್ಯಾಲೈತಿ, ಬೇಕಾದ್ರೆ ಹೋಲಿಸಿ ನೋಡ್ರಿ."

"ಎಲ್ಲ ಹೇಳಿಕೊಟ್ಟು ಕರ್ಕೊಂಡು ಬಂದ ಮಾತು" ಎಂದು ವೀರಭದ್ರಪ್ಪನವರು ಕೋಟನ್ನು ಪಕ್ಕಕ್ಕಿಟ್ಟರು. "ಒಂದು ಸೂಟಿಗೆ ಹಿಂಗೆ ಮಾಡಿದೋರು..."

"ಅಪ್ಪಯ್ಯ" ಎಂದ ಶಿವಾನಂದ. ಅವನ ದನಿಯನ್ನು ಆ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ನಾವು ಅಳತೆಗೆ ಕಳಿಸಿದ್ದು ನನ್ನ ಕೋಟಾ?"

ವೀರಭದ್ರಪ್ಪನವರು ಎಲೆ ಅಡಿಕೆಯ ತಟ್ಟೆ ಎಳೆದುಕೊಂಡರು.

"ನನಗೆ ಕೋಟೇ ಇಲ್ಲ, ಭಾವ" ಎಂದು ಅವನು ನನ್ನ ಕಡೆ ತಿರುಗಿದ. "ಒಂದು ಕೋಟೂ ಇಲ್ಲದ ಹುಡುಗ ಅಂತ ಹೇಳೋಕೆ ಅಪ್ಪಯ್ಯನಿಗೆ ಮರ್ಯಾದೆ ಅಡ್ಡ ಬಂತು. ಸ್ಟುಡಿಯೋದಲ್ಲಿ ಫೋಟೋಕ್ಕೆ ಅಂತ ಎಲ್ಲರಿಗೂ ತೊಡಿಸ್ತಾರಲ್ಲ, ಅದನ್ನ ಇಸ್ಕೊಂಡು ಕಳಿಸಿದ್ರು. ಅದರಳತೆಗೆ ಹೊಲಿಸಿದ್ರೆ ನನ್ನ ಮೈಗೆ ಇದು ಹಿಂಗೆ ಕೂರ್ತಿರ್ಲಿಲ್ಲ. ಎಲ್ಲಿ ಹೊಲಿಸಿದ್ದೋ ನಾನು ಕೇಳೋದಿಲ್ಲ. ನನ್ನನ್ನ ನೆನಪಿಟ್ಟುಕೊಂಡು ಹೊಲಿಸಿದ್ದು."

ಅವನು ಕೋಟು ಎತ್ತಿಕೊಂಡು ಮತ್ತೆ ತೊಟ್ಟ. ವೀರಭದ್ರಪ್ಪನವರು ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. ಅವರು ಆಮೇಲೆ ನಕ್ಕರು ಎಂದು ಗಿರಿಜೆ ಹೇಳುತ್ತಾಳೆ. ಅವಳ ಗಂಡ ಹೇಳಿದ್ದಂತೆ. ನಾನು ನಗು ಕಾಣಲಿಲ್ಲ. ನನ್ನ ನೆನಪಿನಲ್ಲಿ ಅವರು ಒಳಗೆ ತಿರುಗಿ, "ಕಾಫಿ ತರ್ರೇ, ಬೀಗರು ಬಂದು ಎಷ್ಟು ಹೊತ್ತಾಯ್ತು" ಎಂದರು. ಆಮೇಲೆ ಇಮಾಂ ಸಾಬರಿಗೆ, "ಆ ಬಗಲು ಎಂತದು, ಸರಿ ಮಾಡಿ ಕೊಡಿ ಸಾಬ್ರೆ" ಎಂದರು.

ಸೊರಬ, ಸ್ಟುಡಿಯೋ

ಮದುವೆಯಾಯಿತು. ಗಿರಿಜೆ ಸೊರಬದವಳಾದಳು. ಆದರೂ ನನಗೆ ಸಮಾಧಾನವಿರಲಿಲ್ಲ. ಗಾಜಿನ ಅಂಗಡಿಯ ಯುವಕ ಹೇಳಿದ ಆ ಒಂದಿಂಚು ನಿಜವೇ? ಅವನು ಅಳೆದಾಗ ನಾನು ಟೇಪು ನೋಡಿರಲಿಲ್ಲ. ಹೆಲೆನಾ ತೋಳು ಅಳೆದಿರಲೇ ಇಲ್ಲ. ಯಾರೋ ಹೇಳಿದ ಮಾತಿಗೆ ತಂಗಿಯ ಮದುವೆ ಮುರಿಯುವವನಿದ್ದೆ. ಅಥವಾ ಅವನು ಹಾಗೆ ಹೇಳಿದನೆಂಬುದನ್ನೂ ನಾನೇ ಊಹಿಸಿಕೊಂಡಿದ್ದೆನೇ?

ಮುಂದಿನ ವರ್ಷ ಗಿರಿಜೆಯ ಮನೆಗೆ ಹೋದವನು ಒಬ್ಬನೇ ಸ್ಟುಡಿಯೋಕ್ಕೆ ಹೋದೆ. ಗೋಡೆಯ ತುಂಬ ಊರಿನ ಗಂಡಸರು, ಎಲ್ಲರೂ ಅದೇ ಕೋಟಿನಲ್ಲಿ, ಎಲ್ಲರ ಬಲಗೈಯೂ ಕುರ್ಚಿಯ ಹಿಂದೆ.

"ಲೈಟಿಗೆ ತಾಗಿ ಕೋಟಿನ ಬಲ ತೋಳಿನ ತುದಿ ಸುಟ್ಟುಹೋಯ್ತು ಮಾರಾಯ್ರೆ" ಎಂದ ಫೋಟೋದವನು. "ಮನೆಯವಳು ಒಳಗೆ ಮಡಿಚಿ ಹೊಲಿದಳು. ಅದಕ್ಕೇ ಆ ಕೈ ಹಿಂದೆ ಇಡಿಸೋದು. ಫೋಟೋ ತೆಗೀಲಾ?"

ಬೇಡವೆಂದೆ. ಮೊಳೆಗೆ ನೇತುಹಾಕಿದ್ದ ಕೋಟನ್ನು ಇಳಿಸಿ, ಮೇಜಿನ ಮೇಲೆ ಹರಡಿ, ಶಿವಾನಂದನಿಂದ ಕೇಳಿ ತಂದಿದ್ದ ಟೇಪಿನಲ್ಲಿ ಎರಡೂ ತೋಳನ್ನು ಮೂರು ಮೂರು ಸಲ ಅಳೆದೆ. ಬಲ ತೋಳು ಒಂದಿಂಚು ಗಿಡ್ಡವಿತ್ತು.